ಚಳಿಯ ನಾಡಿಗೆ ಒಬ್ಬಂಟಿ ಪಯಣ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಗೂರು ಹೋಬಳಿಯಲ್ಲಿ ಮಾರ್ಗಶಿರದ ಬೆಳಗೆಂದರೆ ಕಬ್ಬಿನ ಗದ್ದೆಯ ಮೇಲೆ ತೆಳುವಾದ ಮಂಜು, ಹೊಲಕ್ಕೆ ಹೊರಟ ರೈತನ ತಲೆಗೆ ಸುತ್ತಿದ ಟವಲು, ಮನೆಯ ಮುಂದೆ ಕಬ್ಬಿನ ತರಗು ಹಾಕಿ ಮಾಡಿದ ಬೆಂಕಿ. ಉಷ್ಣತೆ ೧೫ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿದರೆ ಸಾಕು, ಈ ವರ್ಷ ಚಳಿ ವಿಪರೀತವೆಂದು ಮಾತನಾಡಿಕೊಳ್ಳುತ್ತೇವೆ. ಹತ್ತು ಗಂಟೆಯ ಹೊತ್ತಿಗೆ ಬಿಸಿಲೇರುತ್ತದೆ. ಚಳಿಯ ಮಾತು ಅಲ್ಲಿಗೆ ಮುಗಿಯುತ್ತದೆ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ, ನೀರು ಕಲ್ಲಾಗುವ ಚಳಿ ಭೂಗೋಳದ ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆಯುವ ವಿಷಯವಾಗಿಯೇ ಉಳಿಯುವುದು ಸಹಜ.

ಆದರೆ ಈಗ ಅದನ್ನು ಹಾಗೆ ಮರೆಯುವಂತಿಲ್ಲ. ನಮ್ಮ ನಾಡಿನ ಯುವಕರು ಸೈನಿಕರಾಗಿ ಸಿಯಾಚಿನ್ ಹಿಮನದಿಯ ಮೇಲೆ ಕಾವಲಿರುತ್ತಾರೆ. ವಿದ್ಯಾರ್ಥಿಗಳಾಗಿ ಕೆನಡಾ, ಫಿನ್‌ಲೆಂಡ್, ಸ್ವೀಡನ್ ದೇಶಗಳಿಗೆ ಹೋಗುತ್ತಾರೆ. ರಜೆ ಬಂತೆಂದರೆ ಹಿಮಾಲಯದ ಚಾರಣಕ್ಕೆ ಹೊರಡುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದೆ. ಇವರಲ್ಲಿ ಕೆಲವರ ಮನಸ್ಸಿನಲ್ಲಿ ಮತ್ತೊಂದು ಆಸೆಯೂ ಮೊಳೆಯುತ್ತದೆ. ಜನಸಂಚಾರವಿಲ್ಲದ ಉತ್ತರದ ಕಾಡುಮೇಡುಗಳಲ್ಲಿ, ಮೊದಲ ಹಿಮ ಬೀಳುವ ಕಾಲದಲ್ಲಿ, ಯಾರ ಜೊತೆಯೂ ಇಲ್ಲದೆ ಕೆಲವು ದಿನ ನಡೆಯಬೇಕು, ಡೇರೆ ಹಾಕಿ ಮಲಗಬೇಕು, ಆ ನಿಶ್ಶಬ್ದವನ್ನು ಕೇಳಬೇಕು ಎಂಬ ಆಸೆ ಅದು.

ಈ ಆಸೆಯ ವಿಷಯದಲ್ಲಿ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಹಿರಿಯರು ಇದನ್ನು ಹುಚ್ಚುಸಾಹಸವೆನ್ನುತ್ತಾರೆ; ಅನ್ನ ಹಾಕದ ಕೆಲಸಕ್ಕೆ ಪ್ರಾಣವನ್ನೇಕೆ ಒಡ್ಡಬೇಕೆಂದು ಕೇಳುತ್ತಾರೆ. ಕಿರಿಯರು ಇದನ್ನು ಗಂಡೆದೆಯ ಪರೀಕ್ಷೆಯೆಂದು ಭಾವಿಸುತ್ತಾರೆ. ಎದೆಗಾರಿಕೆಯಿದ್ದರೆ ಎಲ್ಲಿಗಾದರೂ ಹೋಗಿಬರಬಹುದೆನ್ನುತ್ತಾರೆ. ಎರಡು ಮಾತುಗಳೂ ಒಂದೇ ದೋಷದಿಂದ ಕೂಡಿವೆಯೆಂದು ನನಗೆ ತೋರುತ್ತದೆ. ಎರಡೂ ಪಕ್ಷದವರು ಧೈರ್ಯವನ್ನು ಕುರಿತು ವಾದಿಸುತ್ತಾರೆ. ಶಾಖವನ್ನು ಕುರಿತು ಯಾರೂ ಮಾತನಾಡುವುದಿಲ್ಲ. ಚಳಿಗೆ ಮನುಷ್ಯನ ಧೈರ್ಯವಾಗಲಿ ಅಂಜಿಕೆಯಾಗಲಿ ತಿಳಿಯದು. ಅದು ನಡೆಸುವುದು ಶಾಖದ ಜಮಾಖರ್ಚನ್ನು. ಆ ಲೆಕ್ಕವನ್ನು ಬಲ್ಲವನು ಹೋಗಲಿ, ಅರಿಯದವನು ಕಲಿಯುವತನಕ ತಡೆಯಲಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಆಧಾರವಾದ ಸಂಗತಿಗಳನ್ನು ಓದುಗರ ಮುಂದಿಡುತ್ತೇನೆ.

ನಮ್ಮ ಶರೀರ ಸದಾ ಉರಿಯುವ ಒಲೆ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಹೊರಡುವ ಶಾಖ ೧೦೦ ವ್ಯಾಟಿನ ಹಳೆಯ ವಿದ್ಯುದ್ದೀಪ ಕೊಡುವ ಶಾಖಕ್ಕೆ ಸರಿಸುಮಾರು ಸಮ. ಈ ಒಲೆಯ ಕೆಲಸ ಒಡಲಿನ ಒಳಭಾಗವನ್ನು ೩೭ ಡಿಗ್ರಿಯ ಹತ್ತಿರ ಕಾಯ್ದಿಡುವುದು. ಒಳಗಿನ ಉಷ್ಣತೆ ೩೫ ಡಿಗ್ರಿಗಿಂತ ಕೆಳಗಿಳಿದರೆ ಆ ಸ್ಥಿತಿಯನ್ನು ವೈದ್ಯರು ಹೈಪೊಥರ್ಮಿಯ ಎಂದು ಕರೆಯುತ್ತಾರೆ, ನಾವದನ್ನು ಶಾಖಕುಸಿತವೆನ್ನೋಣ. ಆರೋಗ್ಯಕ್ಕೂ ಅಪಾಯಕ್ಕೂ ನಡುವೆ ಇರುವ ಅಂತರ ಕೇವಲ ೨ ಡಿಗ್ರಿ.

ಈ ೨ ಡಿಗ್ರಿಯ ಬೆಲೆಯೆಷ್ಟು? ಹೈಸ್ಕೂಲಿನಲ್ಲಿ ಕಲಿತ ವಿಶಿಷ್ಟೋಷ್ಣದ ಸೂತ್ರ ಇಲ್ಲಿ ಸಾಕು. ಮನುಷ್ಯ ಶರೀರದ ಸರಾಸರಿ ವಿಶಿಷ್ಟೋಷ್ಣ ಸುಮಾರು ೦.೮೩. ೬೦ ಕಿಲೋಗ್ರಾಂ ತೂಕದ ತರುಣನ ಮೈ ೧ ಡಿಗ್ರಿ ತಣಿಯಬೇಕಾದರೆ ಸುಮಾರು ೫೦ ಕಿಲೋಕ್ಯಾಲೊರಿ ಶಾಖ ನಷ್ಟವಾಗಬೇಕು. ೨ ಡಿಗ್ರಿಗೆ ೧೦೦ ಕಿಲೋಕ್ಯಾಲೊರಿ. ನಮ್ಮ ಆಲೆಮನೆಯ ಬೆಲ್ಲದ ೧೦೦ ಗ್ರಾಂ ತೂಕದಲ್ಲಿ ಸುಮಾರು ೩೮೦ ಕಿಲೋಕ್ಯಾಲೊರಿಗಳಿವೆ. ಎಂದರೆ, ಸುಖವಾಗಿರುವ ಮನುಷ್ಯನಿಗೂ ಶಾಖಕುಸಿತದ ಹೊಸ್ತಿಲಿಗೂ ಮಧ್ಯೆ ಇರುವುದು ೨೬ ಗ್ರಾಂ ಬೆಲ್ಲದ ಶಾಖ! ಶರೀರ ಹೊಸ ಶಾಖವನ್ನು ಹುಟ್ಟಿಸುತ್ತಲೇ ಇರುತ್ತದೆ. ನಡುಕದ ಮೂಲಕ ಅದನ್ನು ಹಲವು ಪಟ್ಟು ಹೆಚ್ಚಿಸಿಕೊಳ್ಳಬಲ್ಲುದು. ಕೈಕಾಲುಗಳಿಗೆ ಹರಿಯುವ ರಕ್ತವನ್ನು ಕಡಮೆ ಮಾಡಿ ಎದೆ ಹೊಟ್ಟೆಗಳ ಬಿಸಿಯನ್ನು ಉಳಿಸಿಕೊಳ್ಳಬಲ್ಲುದು. ಆದುದರಿಂದ ವ್ಯವಹಾರದಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಆದರೂ ನಮ್ಮ ಉಳಿತಾಯ ಎಷ್ಟು ಚಿಕ್ಕದೆಂಬುದು ಇದರಿಂದ ಮನದಟ್ಟಾಗುತ್ತದೆ.

ಇನ್ನು ಖರ್ಚಿನ ಬಾಬತ್ತು. ವಹನ, ಸಂವಹನ, ವಿಕಿರಣ, ಬಾಷ್ಪೀಭವನ ಎಂಬ ನಾಲ್ಕು ಬಾಗಿಲುಗಳಿಂದ ಶಾಖ ಹೊರಟುಹೋಗುತ್ತದೆ. ತಣ್ಣನೆಯ ನೆಲದ ಮೇಲೆ ಮಲಗಿದರೆ ವಹನ. ಗಾಳಿ ಬೀಸಿದರೆ ಸಂವಹನ. ಬಯಲಿನಲ್ಲಿ ತೆರವಾದ ರಾತ್ರಿಯಾಕಾಶದ ಕೆಳಗಿದ್ದರೆ ವಿಕಿರಣ. ಬೆವರು ಆರಿದರೆ, ಉಸಿರು ಹೊರಬಿದ್ದರೆ ಬಾಷ್ಪೀಭವನ. ಬೇಸಗೆಯಲ್ಲಿ ಮಣ್ಣಿನ ಗಡಿಗೆ ಹೇಗೆ ನೀರನ್ನು ತಂಪುಮಾಡುತ್ತದೆಯೋ ಹಾಗೆಯೇ ಒದ್ದೆಯಾದ ಅಂಗಿ ಅದನ್ನು ತೊಟ್ಟವನನ್ನು ತಂಪುಮಾಡುತ್ತದೆ. ಚರ್ಮದ ಮೇಲಿನ ಒಂದು ಲೀಟರ್ ಬೆವರು ಆವಿಯಾಗಲು ಸುಮಾರು ೫೮೦ ಕಿಲೋಕ್ಯಾಲೊರಿ ಬೇಕು. ಮೇಲೆ ಹೇಳಿದ ೧೦೦ ಕಿಲೋಕ್ಯಾಲೊರಿ ಕಳೆದುಹೋಗಲು ಒಂದು ಲೋಟದಷ್ಟು ಬೆವರು ಆರಿದರೆ ಸಾಕು. ಅವಸರದಲ್ಲಿ ಬೆಟ್ಟವೇರಿ ಬೆವರಿದವನು ತುದಿಯಲ್ಲಿ ನಿಂತು ದಣಿವಾರಿಸಿಕೊಳ್ಳುವಾಗಲೇ ಅಪಾಯಕ್ಕೆ ಸಿಕ್ಕುವುದು ಈ ಕಾರಣದಿಂದ. ಉತ್ತರದ ಕಾಡುಗಳನ್ನು ಬಲ್ಲವರು ಚಳಿಯಲ್ಲಿ ನಿಧಾನವಾಗಿ ನಡೆಯುತ್ತಾರೆ. ಬೆವರು ಬರುವುದಕ್ಕೆ ಮೊದಲೇ ಒಂದು ಬಟ್ಟೆ ತೆಗೆಯುತ್ತಾರೆ, ನಿಂತೊಡನೆ ಮತ್ತೆ ತೊಡುತ್ತಾರೆ.

ಗಾಳಿಯ ಪಾತ್ರವನ್ನು ಅಳೆದು ತೋರಿಸಿದವರಲ್ಲಿ ಪಾಲ್ ಸಿಪಲ್ ಮೊದಲಿಗ. ವಿದ್ಯಾರ್ಥಿಗಳಿಗೆ ಆತನ ಕಥೆ ಸ್ವಾರಸ್ಯವಾಗಿ ಕಾಣಬಹುದು. ೧೯೨೮ರಲ್ಲಿ ಅಮೆರಿಕದ ನೌಕಾಧಿಕಾರಿ ರಿಚರ್ಡ್ ಬರ್ಡ್ ಅಂಟಾರ್ಕ್ಟಿಕಕ್ಕೆ ಹೊರಟಾಗ ಬಾಯ್ ಸ್ಕೌಟ್ ಬಾಲಕರಲ್ಲಿ ಒಬ್ಬನನ್ನು ಆರಿಸಿ ಕರೆದುಕೊಂಡು ಹೋದನು. ಆ ಹುಡುಗನೇ ಸಿಪಲ್. ಮುಂದೆ ವಿಜ್ಞಾನಿಯಾಗಿ ಅದೇ ಹಿಮಖಂಡಕ್ಕೆ ಮರಳಿದ ಸಿಪಲ್, ತನ್ನ ಜೊತೆಗಾರ ಚಾರ್ಲ್ಸ್ ಪ್ಯಾಸೆಲ್‌ನೊಡನೆ ಪ್ಲ್ಯಾಸ್ಟಿಕ್ ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಬಿಟ್ಟು, ಅದು ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಬೇರೆಬೇರೆ ವೇಗದ ಗಾಳಿಯಲ್ಲಿ ಅಳೆದನು. ಗಾಳಿ ಚಳಿಯನ್ನು ಎಷ್ಟು ಪಟ್ಟು ಹರಿತಗೊಳಿಸುತ್ತದೆಂಬ ಲೆಕ್ಕ ಹುಟ್ಟಿದ್ದು ಹೀಗೆ. ಆ ಸೂತ್ರವನ್ನು ೨೦೦೧ರಲ್ಲಿ ಕೆನಡಾ ಮತ್ತು ಅಮೆರಿಕ ದೇಶಗಳು ತಿದ್ದಿ ಬಳಕೆಗೆ ತಂದವು. ಅದರ ಪ್ರಕಾರ, ಶೂನ್ಯಕ್ಕಿಂತ ೧೦ ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ ೩೦ ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಮುಖಕ್ಕೆ ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗಿನ ಚಳಿ ತಗಲಿದಂತಾಗುತ್ತದೆ. ಉಷ್ಣಮಾಪಕವನ್ನು ಮಾತ್ರ ನೋಡಿ ಹೊರಟವನು ಅರ್ಧ ಲೆಕ್ಕವನ್ನು ಮಾತ್ರ ಮಾಡಿದವನು.

ನೀರಿನ ವಿಷಯ ಇನ್ನೂ ಕಠಿಣವಾದುದು. ನಿಶ್ಚಲವಾದ ಗಾಳಿಗಿಂತ ನೀರು ಸುಮಾರು ೨೫ ಪಟ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ನಮ್ಮನ್ನು ಬೆಚ್ಚಗಿಡುವುದು ತನ್ನ ನೂಲಿನಿಂದಲ್ಲ, ನೂಲುಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ಹತ್ತಿಬಟ್ಟೆ ನೀರು ಹೀರಿಕೊಂಡಾಗ ಗಾಳಿಯ ಆ ಸೂಕ್ಷ್ಮ ಕೋಣೆಗಳೆಲ್ಲ ನೀರಿನಿಂದ ತುಂಬುತ್ತವೆ. ನಮ್ಮ ಬಿಸಿಲಿಗೆ ಹೇಳಿಮಾಡಿಸಿದ ಪಂಚೆ, ಅಂಗಿಗಳು ಅಲ್ಲಿ ಶತ್ರುಗಳಾಗುತ್ತವೆ. ಉಣ್ಣೆಯ ಗುಣ ಬೇರೆ. ಅದರ ಎಳೆಗಳು ಸುರುಳಿಯಾಗಿ ಪುಟಿಯುವುದರಿಂದ ಒದ್ದೆಯಾದರೂ ಪೂರ್ತಿ ಮುದ್ದೆಯಾಗುವುದಿಲ್ಲ. ಸ್ವಲ್ಪ ಗಾಳಿಯನ್ನು ಉಳಿಸಿಕೊಂಡಿರುತ್ತವೆ. ಬಂಡೂರು ತಳಿಯ ಕುರಿಗೆ ಹೆಸರು ಕೊಟ್ಟ ಊರು ನಮ್ಮ ನೆರೆಯ ಮಳವಳ್ಳಿ ತಾಲ್ಲೂಕಿನದು. ಈ ಸೀಮೆಯ ಕುರಿಗಾಹಿ ಸೋನೆಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಲ್ಲುವಾಗ ಉತ್ತರಧ್ರುವದ ಪಯಣಿಗರು ಕಷ್ಟಪಟ್ಟು ಕಲಿತ ಪಾಠವನ್ನೇ ಅನುಸರಿಸುತ್ತಾನೆ.

ಬಾಯಾರಿದಾಗ ಹಿಮವನ್ನು ತಿನ್ನುವುದೂ ಇಂಥದೇ ಒಂದು ಮೋಸದ ವ್ಯಾಪಾರ. ಶೂನ್ಯಕ್ಕಿಂತ ೧೦ ಡಿಗ್ರಿ ಕೆಳಗಿರುವ ಒಂದು ಕಿಲೋಗ್ರಾಂ ಹಿಮವನ್ನು ಶೂನ್ಯಕ್ಕೆ ತರಲು ೫, ಕರಗಿಸಲು ೮೦, ಮೈಯ ಬಿಸಿಗೆ ಏರಿಸಲು ೩೭, ಒಟ್ಟು ೧೨೨ ಕಿಲೋಕ್ಯಾಲೊರಿ ಬೇಕು. ಒಲೆಯಲ್ಲಿ ಕರಗಿಸಿದರೆ ಈ ಖರ್ಚು ಎಣ್ಣೆಯದು. ಬಾಯಲ್ಲಿ ಕರಗಿಸಿದರೆ ನಮ್ಮದು. ದ್ರವದ ಗುಪ್ತೋಷ್ಣವನ್ನು ಕುರಿತು ಪರೀಕ್ಷೆಗೆ ಬರೆಯುವ ನಾಲ್ಕು ಸಾಲುಗಳು ಅಲ್ಲಿ ಪ್ರಾಣದ ಪ್ರಶ್ನೆಯಾಗಿ ನಿಲ್ಲುತ್ತವೆ.

ಚಳಿಗಾಲದ ಮಧ್ಯಭಾಗಕ್ಕಿಂತ ಅದರ ಆರಂಭ ಸೌಮ್ಯವಾಗಿರಬೇಕಷ್ಟೆ ಎಂದು ಹಲವರು ಊಹಿಸಬಹುದು. ಉಷ್ಣಮಾಪಕ ಹಾಗೆ ಹೇಳುತ್ತದೆ, ನಿಜ. ಆದರೆ ಒಬ್ಬಂಟಿ ಪಯಣಿಗನಿಗೆ ಆ ಕಾಲವೇ ಹೆಚ್ಚು ವಂಚಕ. ಮೊದಲನೆಯದಾಗಿ ಬೆಳಕಿನ ಮಾತು. ಆತಗೂರು ಇರುವುದು ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷದ ಅತಿ ಚಿಕ್ಕ ಹಗಲಿನಲ್ಲೂ ಇಲ್ಲಿ ೧೧ ಗಂಟೆಗೂ ಮೀರಿ ಬೆಳಕಿರುತ್ತದೆ. ನಡುಹಗಲಿನ ಸೂರ್ಯ ದಿಗಂತದಿಂದ ೫೪ ಡಿಗ್ರಿ ಮೇಲೇರುತ್ತಾನೆ. ಅಲಾಸ್ಕದ ಫೇರ್‌ಬ್ಯಾಂಕ್ಸ್ ಪಟ್ಟಣವಿರುವುದು ಸುಮಾರು ೬೫ ಡಿಗ್ರಿಯಲ್ಲಿ. ಅಲ್ಲಿ ಆ ದಿನ ಸೂರ್ಯ ೨ ಡಿಗ್ರಿಯಷ್ಟೂ ಏರನು; ನಾಲ್ಕು ಗಂಟೆ ತುಂಬುವ ಮೊದಲೇ ಮುಳುಗುತ್ತಾನೆ. ನವೆಂಬರ್ ತಿಂಗಳಲ್ಲಿ ಅಲ್ಲಿನ ಹಗಲು ದಿನವೊಂದಕ್ಕೆ ಸುಮಾರು ೭ ನಿಮಿಷದಂತೆ ಕುಗ್ಗುತ್ತದೆ. ನಮ್ಮಲ್ಲಿ ಕುಗ್ಗುವುದು ಅರ್ಧ ನಿಮಿಷದಷ್ಟು. ಹತ್ತು ದಿನದ ಪಯಣಕ್ಕೆ ಹೊರಟವನು ಮೊದಲ ದಿನದ ಹಗಲನ್ನು ಆಧಾರವಾಗಿಟ್ಟುಕೊಂಡರೆ, ಕೊನೆಯ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೆಳಕು ಅವನ ಕೈತಪ್ಪಿರುತ್ತದೆ.

ಎರಡನೆಯದು ಮಂಜುಗಡ್ಡೆ. ನೀರು ೪ ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿರುವುದರಿಂದ ಕೆರೆ ಹೊಳೆಗಳು ಮೇಲಿನಿಂದ ಕೆಳಕ್ಕೆ ಹೆಪ್ಪುಗಟ್ಟುತ್ತವೆ. ಮೀನುಗಳು ಬದುಕಿ ಉಳಿಯುವುದು ಪ್ರಕೃತಿಯ ಈ ವಿಚಿತ್ರ ನಿಯಮದಿಂದ. ಮನುಷ್ಯ ಮೋಸಹೋಗುವುದೂ ಇದರಿಂದಲೇ. ಒಬ್ಬ ವ್ಯಕ್ತಿ ನಡೆದುಹೋಗಲು ತಿಳಿಯಾದ ಗಟ್ಟಿ ಮಂಜುಗಡ್ಡೆ ಕಡಮೆಯೆಂದರೂ ೧೦ ಸೆಂಟಿಮೀಟರ್, ನಿಶ್ಚಿಂತೆಯಿಂದ ನಡೆಯಲು ೧೫ ಸೆಂಟಿಮೀಟರ್ ದಪ್ಪವಿರಬೇಕು. ಚಳಿಗಾಲದ ಆರಂಭದಲ್ಲಿ ಅಷ್ಟು ದಪ್ಪ ಎಲ್ಲೆಡೆಯೂ ಆಗಿರುವುದಿಲ್ಲ. ಮೇಲೆ ಬಿದ್ದ ಹಿಮ ಕಂಬಳಿಯಂತೆ ಕೆಳಗಿನ ನೀರನ್ನು ಚಳಿಯಿಂದ ಕಾಯುತ್ತದೆ. ಹೀಗಾಗಿ ಬೆಳ್ಳಗೆ ಗಟ್ಟಿಯಾಗಿ ಕಾಣುವ ಕಡೆಯೇ ಗಡ್ಡೆ ತೆಳುವಾಗಿರಬಹುದು. ಹರಿವು ಚುರುಕಾಗಿರುವ ತಿರುವಿನಲ್ಲಿ ಇನ್ನೂ ತೆಳು.

ಗಡ್ಡೆ ಒಡೆದು ನೀರಿಗೆ ಬಿದ್ದವನ ಗತಿಯೇನು? ಕೆನಡಾ ದೇಶದ ಮ್ಯಾನಿಟೋಬ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಗೀಸ್‌ಬ್ರೆಕ್ಟ್ ತಾವೇ ಮಂಜುನೀರಿಗಿಳಿದು ಪ್ರಯೋಗ ನಡೆಸಿದವರು. ಅವರು ಜನರಿಗೆ ಹೇಳಿಕೊಟ್ಟ ಸೂತ್ರ ಮೂರು ಅಂಕಿಗಳದು: ಒಂದು, ಹತ್ತು, ಒಂದು. ಬಿದ್ದೊಡನೆ ಉಸಿರು ಬಿಗಿದು ಮೇಲುಸಿರು ಬರುತ್ತದೆ. ಅದನ್ನು ಹತೋಟಿಗೆ ತಂದುಕೊಳ್ಳಲು ಒಂದು ನಿಮಿಷ. ಕೈಕಾಲುಗಳು ಹೇಳಿದಂತೆ ಕೇಳುವುದು ಹತ್ತು ನಿಮಿಷ. ಅಷ್ಟರಲ್ಲಿ ಮೇಲೇರುವ ದಾರಿ ನೋಡಬೇಕು. ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಮುಳುಗದೆ ತಲೆಯನ್ನು ನೀರಿನ ಮೇಲಿಟ್ಟುಕೊಂಡವನಿಗೆ ಆ ಕೊನೆಯ ಒಂದು ಗಂಟೆ ದೊಡ್ಡ ವರ. ಆದರೆ ಅದು ವರವಾಗುವುದು ಎಳೆದುಕೊಳ್ಳಲು ದಡದಲ್ಲಿ ಇನ್ನೊಬ್ಬನಿದ್ದಾಗ ಮಾತ್ರ.

ಇಲ್ಲಿ ನನ್ನ ವಾದದ ತಿರುಳಿಗೆ ಬಂದೆವು. ಇಷ್ಟು ಹೊತ್ತು ಹೇಳಿದ ಲೆಕ್ಕಗಳನ್ನೆಲ್ಲ ಒಬ್ಬ ಬುದ್ಧಿವಂತ ತರುಣ ಬಾಯಿಪಾಠ ಮಾಡಿಕೊಂಡು ಹೊರಟನೆನ್ನೋಣ. ಅವನು ಒಬ್ಬಂಟಿಯಾಗಿ ಹೋಗಬಹುದೇ? ಒಂದು ತೊಡಕಿದೆ. ಲೆಕ್ಕ ಮಾಡುವ ಯಂತ್ರ ಅವನ ಮಿದುಳು; ಚಳಿ ಬೇಗನೆ ಕೆಡಿಸುವ ಯಂತ್ರಗಳಲ್ಲಿ ಅದೂ ಒಂದು. ಶಾಖಕುಸಿತದ ಆರಂಭದಲ್ಲಿ ನಡುಕ, ಕೈಬೆರಳುಗಳ ಜಡತೆ. ಬಳಿಕ ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ, ವಿವೇಚನೆ ಮಂಕಾಗುತ್ತದೆ. ಇನ್ನೂ ಮುಂದುವರಿದರೆ ನಡುಕವೇ ನಿಂತುಹೋಗುತ್ತದೆ. ರೋಗಿಗೆ ತಾನು ಚೆನ್ನಾಗಿದ್ದೇನೆಂದು ತೋರುತ್ತದೆ. ಚಳಿಯಿಂದ ಸತ್ತ ಕೆಲವರ ದೇಹಗಳು ಬಟ್ಟೆ ಕಳಚಿದ ಸ್ಥಿತಿಯಲ್ಲಿ ದೊರೆತಿವೆ. ಕೊನೆಯ ಘಟ್ಟದಲ್ಲಿ ಅವರಿಗೆ ಸೆಕೆಯೆನ್ನಿಸಿತ್ತು! ಅಳೆಯುವ ಕೋಲೇ ಕುಗ್ಗಿದರೆ ಅಳತೆ ತಪ್ಪಿದುದನ್ನು ಆ ಕೋಲಿನಿಂದ ತಿಳಿಯುವುದು ಹೇಗೆ?

ಆದುದರಿಂದ ಚಳಿಯ ನಾಡಿನಲ್ಲಿ ಜೊತೆಗಾರನೆಂದರೆ ಬೇಸರ ಕಳೆಯಲು ಬಂದವನಲ್ಲ. ಅವನೊಂದು ವೈಜ್ಞಾನಿಕ ಉಪಕರಣ. ನನ್ನ ಮಾತು ತೊದಲುತ್ತಿದೆಯೆಂಬುದು ನನಗಿಂತ ಮೊದಲು ಅವನಿಗೆ ತಿಳಿಯುತ್ತದೆ. ನನ್ನ ಕೆನ್ನೆ ಬಿಳಿಚಿಕೊಂಡು ಹಿಮಕಡಿತಕ್ಕೆ ಈಡಾಗುತ್ತಿರುವುದು ಅವನಿಗೆ ಕಾಣುತ್ತದೆ, ನನಗೆ ಕಾಣದು. ಒಬ್ಬಂಟಿಯಾಗಿ ಹೋಗುವವನು ಈ ಉಪಕರಣವನ್ನು ಮನೆಯಲ್ಲಿ ಬಿಟ್ಟುಹೋಗುತ್ತಾನೆ.

ಈ ಮಾತಿಗೆ ಬರ್ಡ್‌ನ ಅನುಭವವೇ ಸಾಕ್ಷಿ. ೧೯೩೪ರ ಅಂಟಾರ್ಕ್ಟಿಕ ಚಳಿಗಾಲವನ್ನು ಅವನು ಹವಾಮಾನ ವೀಕ್ಷಣೆಗಾಗಿ ಹಿಮದಡಿಯ ಗುಡಿಸಲೊಂದರಲ್ಲಿ ಏಕಾಂಗಿಯಾಗಿ ಕಳೆಯಲು ನಿಶ್ಚಯಿಸಿದನು. ಉಳಿದವರಿದ್ದ ನೆಲೆ ಸುಮಾರು ೨೦೦ ಕಿಲೋಮೀಟರ್ ದೂರ. ಒಲೆಯಿಂದಲೂ ರೇಡಿಯೋ ನಡೆಸುವ ಎಂಜಿನ್ನಿನಿಂದಲೂ ಹೊರಟ ಕಾರ್ಬನ್ ಮಾನಾಕ್ಸೈಡ್ ಅನಿಲ ಅವನನ್ನು ದಿನದಿನಕ್ಕೆ ಕುಗ್ಗಿಸಿತು. ಇತರರು ತನಗಾಗಿ ಕತ್ತಲೆಯಲ್ಲಿ ಪ್ರಾಣಕ್ಕೆ ಅಪಾಯ ತಂದುಕೊಳ್ಳಬಾರದೆಂದು ಅವನು ಕಾಯಿಲೆಯನ್ನು ಮುಚ್ಚಿಟ್ಟನು. ಆದರೆ ರೇಡಿಯೋ ಸಂದೇಶಗಳು ತಡವರಿಸತೊಡಗಿದುದನ್ನು ನೆಲೆಯಲ್ಲಿದ್ದವರು ಗಮನಿಸಿ ಸಂಶಯಗೊಂಡರು. ಮೂವರು ಯಂತ್ರವಾಹನದಲ್ಲಿ ಹೊರಟು ಆಗಸ್ಟ್ ತಿಂಗಳಿನಲ್ಲಿ ಅವನನ್ನು ತಲುಪಿ ಉಳಿಸಿದರು. ಏಕಾಂಗಿಯನ್ನು ಬದುಕಿಸಿದುದು ೨೦೦ ಕಿಲೋಮೀಟರ್ ದೂರದಲ್ಲಿ ಕಿವಿಗೊಟ್ಟು ಕುಳಿತಿದ್ದ ಜೊತೆಗಾರರು.

ಒಬ್ಬಂಟಿ ಪಯಣದ ಕಲೆಯನ್ನು ನಮ್ಮ ಕಾಲಕ್ಕೆ ಹತ್ತಿರದಲ್ಲಿ ಪರಿಪೂರ್ಣತೆಗೆ ಒಯ್ದವನು ಜಪಾನಿನ ನವೋಮಿ ಉಎಮುರಾ. ೧೯೭೮ರಲ್ಲಿ ಅವನು ನಾಯಿಗಳ ಜಾರುಬಂಡಿಯಲ್ಲಿ ಉತ್ತರಧ್ರುವವನ್ನು ಒಬ್ಬನೇ ಮುಟ್ಟಿದನು. ಆಗಲೂ ವಿಮಾನಗಳು ಅವನಿಗೆ ಆಹಾರ ತಲುಪಿಸುತ್ತಿದ್ದವು. ಅಲಾಸ್ಕದ ೬,೧೯೦ ಮೀಟರ್ ಎತ್ತರದ ಡೆನಾಲಿ ಶಿಖರಕ್ಕೆ ಹೋದಾಗ ಅವನು ಮೈಗೆ ಉದ್ದನೆಯ ಬಿದಿರ ಗಳುಗಳನ್ನು ಅಡ್ಡಲಾಗಿ ಕಟ್ಟಿಕೊಂಡು ನಡೆದನು. ಹಿಮದ ಬಿರುಕಿಗೆ ಬಿದ್ದರೆ ಗಳುಗಳು ಎರಡು ಅಂಚುಗಳಿಗೂ ತಾಗಿ ಅವನನ್ನು ತಡೆಯಬೇಕು! ಹಗ್ಗ ಹಿಡಿಯಲು ಜೊತೆಗಾರನಿಲ್ಲದ ಕೊರತೆಯನ್ನು ಬಿದಿರಿನಿಂದ ತುಂಬಿಕೊಂಡ ಆ ಮುಂದಾಲೋಚನೆ ಮೆಚ್ಚತಕ್ಕದ್ದು. ೧೯೮೪ರ ಫೆಬ್ರವರಿ ೧೨ರಂದು, ತನ್ನ ೪೩ನೆಯ ಹುಟ್ಟುಹಬ್ಬದ ದಿನ, ಚಳಿಗಾಲದಲ್ಲಿ ಆ ಶಿಖರವನ್ನು ಒಬ್ಬನೇ ಏರಿದ ಮೊದಲಿಗನಾದನು. ಮರುದಿನ ರೇಡಿಯೋದಲ್ಲಿ ಅವನ ದನಿ ಕೇಳಿಸಿತು, ಅನಂತರ ಕೇಳಿಸಲಿಲ್ಲ. ಅವನ ದೇಹವೂ ಸಿಕ್ಕಲಿಲ್ಲ. ಅಷ್ಟು ಬಲ್ಲವನಿಗೂ ಒಂಟಿತನದ ಬೆಲೆ ಅಷ್ಟು ದೊಡ್ಡದಾಯಿತು.

ಹಾಗೆಂದು ಏಕಾಂತವನ್ನು ಬಯಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಮೆರಿಕದ ರಿಚರ್ಡ್ ಪ್ರೆನೆಕಿ ೧೯೬೮ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಅಲಾಸ್ಕದ ಟ್ವಿನ್ ಲೇಕ್ಸ್ ಎಂಬಲ್ಲಿ ತನ್ನ ಕೈಯಾರೆ ಮರದ ದಿಮ್ಮಿಗಳ ಮನೆ ಕಟ್ಟಿಕೊಂಡು ಸುಮಾರು ೩೦ ವರ್ಷ ವಾಸಿಸಿದನು. ಅವನ ದಿನಚರಿಗಳಲ್ಲಿ ಹವೆಯ, ಪ್ರಾಣಿಗಳ ವಿವರಗಳು ತುಂಬಿವೆ. ಅವನ ಏಕಾಂತ ಫಲ ಕೊಟ್ಟಿತು. ಆದರೆ ಅವನು ಬಡಗಿಯಾಗಿ, ಯಂತ್ರಗಳನ್ನು ದುರಸ್ತಿಮಾಡುವವನಾಗಿ ಪಳಗಿದ ಮೇಲೆ ಅಲ್ಲಿಗೆ ಹೋದವನು. ಆಗಾಗ ಸಾಮಾನು ತರುವ ವಿಮಾನವನ್ನು ಅವನೆಂದೂ ಬೇಡವೆನ್ನಲಿಲ್ಲ. ಧ್ರುವಪ್ರದೇಶದ ಇನ್ಯುಯಿಟ್ ಜನರಿಂದ ಚರ್ಮದ ಉಡುಪನ್ನೂ ನಾಯಿಬಂಡಿಯ ವಿದ್ಯೆಯನ್ನೂ ಕಲಿತ ಬಳಿಕವೇ ನಾರ್ವೆಯ ರೋಆಲ್ಡ್ ಅಮುಂಡ್‌ಸೆನ್ ೧೯೧೧ರಲ್ಲಿ ದಕ್ಷಿಣಧ್ರುವವನ್ನು ಮುಟ್ಟಿ ಕ್ಷೇಮವಾಗಿ ಹಿಂತಿರುಗಿದುದು. ಒಬ್ಬಂಟಿಯೆಂದು ನಾವು ಕೊಂಡಾಡುವ ಪಯಣಿಗನ ಹಿಂದೆ ಸಾವಿರಾರು ವರ್ಷಗಳ ಪರರ ತಿಳಿವಳಿಕೆ ಇರುತ್ತದೆ.

ನಮ್ಮ ನಾಡಿನ ನೆನಪುಗಳೂ ಇದನ್ನೇ ಹೇಳುತ್ತವೆ. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್ ಪ್ರದೇಶದ ಸೋನಂ ಠಾಣೆಯ ಮೇಲೆ, ಸುಮಾರು ೧೯,೬೦೦ ಅಡಿ ಎತ್ತರದಲ್ಲಿ, ಹಿಮರಾಶಿ ಕುಸಿದು ಹತ್ತು ಮಂದಿ ಯೋಧರನ್ನು ಹೂತುಹಾಕಿತು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು, ೨೫ ಅಡಿಗೂ ಹೆಚ್ಚಿನ ಹಿಮದಡಿಯಲ್ಲಿ, ಆರನೆಯ ದಿನ ಜೀವಸಹಿತ ಸಿಕ್ಕಿದರು. ವೈದ್ಯರು ಬಹಳ ಶ್ರಮಿಸಿದರೂ ಫೆಬ್ರವರಿ ೧೧ರಂದು ದೆಹಲಿಯಲ್ಲಿ ಅವರು ತೀರಿಕೊಂಡರು. ಆ ಐದು ರಾತ್ರಿಗಳ ಬಳಿಕ ಅವರನ್ನು ಹೊರತೆಗೆಯಲು ಸಾಧ್ಯವಾದುದು, ಅವರು ಎಲ್ಲಿರುವರೆಂದು ತಿಳಿದವರಿದ್ದುದರಿಂದ ಮತ್ತು ಅಗೆಯುವುದನ್ನು ಬಿಡದವರಿದ್ದುದರಿಂದ. ೨೦೨೪ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಮಾರ್ಗದಲ್ಲಿ, ೪,೦೦೦ ಮೀಟರಿಗೂ ಮೇಲೆ, ಕರ್ನಾಟಕದವರೇ ಹೆಚ್ಚಾಗಿದ್ದ ೨೨ ಮಂದಿಯ ಚಾರಣ ತಂಡ ಹಿಮಗಾಳಿಗೆ ಸಿಕ್ಕಿತು. ೯ ಮಂದಿ ಮಡಿದರು. ಪಂಚಾಂಗದ ಪ್ರಕಾರ ಅದು ಬೇಸಗೆ. ಎತ್ತರ ೧,೦೦೦ ಮೀಟರ್ ಏರಿದಂತೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಲ್ಲಿ ಚಳಿಗಾಲ ಯಾವ ತಿಂಗಳಲ್ಲಾದರೂ ಒಂದು ಮಧ್ಯಾಹ್ನದ ಮಟ್ಟಿಗೆ ಬಂದುಹೋಗಬಲ್ಲುದು. ಮಡಿದವರನ್ನು ದೂರುವ ಹಕ್ಕು ನಮಗಿಲ್ಲ. ಜೊತೆಯಲ್ಲಿ ಹೋದವರಿಗೇ ಇಷ್ಟು ಕಠಿಣವಾದುದು ಒಬ್ಬಂಟಿಗೆ ಎಷ್ಟಾದೀತೆಂದು ಯೋಚಿಸುವ ಕರ್ತವ್ಯ ಮಾತ್ರ ಇದೆ.

ಜೇಬಿನಲ್ಲಿ ಮೊಬೈಲು ಇದೆ, ಉಪಗ್ರಹಗಳು ದಾರಿ ತೋರಿಸುತ್ತವೆ, ಇನ್ನೇನು ಭಯವೆಂದು ಈ ಕಾಲದ ತರುಣರು ಕೇಳಬಹುದು. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಜೊತೆಯಲ್ಲಿರುವುದು ಒಳ್ಳೆಯದು. ಆದರೆ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೂ ಚಳಿಗೆ ನಿಧಾನವಾಗುತ್ತದೆ. ಮನೆಯಲ್ಲಿ ಇಡೀ ದಿನ ಬಾಳುವ ಬ್ಯಾಟರಿ ಅಲ್ಲಿ ಇದ್ದಕ್ಕಿದ್ದಂತೆ ಸೋಲಬಹುದು. ಗುಂಡಿಯೊತ್ತುವುದಕ್ಕೂ ಬೆರಳು ಬೇಕು, ಒತ್ತಬೇಕೆಂಬ ಬುದ್ಧಿ ಬೇಕು. ಶಾಖಕುಸಿತ ಕಸಿದುಕೊಳ್ಳುವುದು ಆ ಎರಡನ್ನೂ. ಕರೆ ತಲುಪಿದರೂ ಬಿರುಗಾಳಿಯಲ್ಲಿ ಹೆಲಿಕಾಪ್ಟರ್ ಹಾರಲಾರದು.

ಹಾಗಾದರೆ ಮಾಡತಕ್ಕದ್ದೇನು? ಹೋಗಬೇಡಿರೆಂದು ಹೇಳಿ ಕೈತೊಳೆದುಕೊಳ್ಳುವ ಹಿರಿಯರ ಮಾತು ನನಗೆ ಒಪ್ಪಿಗೆಯಿಲ್ಲ. ತಡೆದರೆ ಆಸೆ ಅಡಗುವುದಿಲ್ಲ; ಅಜ್ಞಾನ ಮಾತ್ರ ಉಳಿಯುತ್ತದೆ. ನಮ್ಮ ಶಾಲೆಗಳಲ್ಲಿ ಶಾಖದ ಪಾಠವನ್ನು ಬದುಕಿಗೆ ತಾಗುವಂತೆ ಕಲಿಸಬೇಕು. ಇದಕ್ಕೆ ದೊಡ್ಡ ಪ್ರಯೋಗಶಾಲೆ ಬೇಡ. ಒಂದೇ ಅಳತೆಯ ಮೂರು ಡಬ್ಬಗಳಲ್ಲಿ ಒಂದೇ ಬಿಸಿಯ ನೀರು ತುಂಬಿರಿ. ಒಂದಕ್ಕೆ ಒಣಗಿದ ಹತ್ತಿಬಟ್ಟೆ, ಇನ್ನೊಂದಕ್ಕೆ ಒದ್ದೆ ಹತ್ತಿಬಟ್ಟೆ, ಮೂರನೆಯದಕ್ಕೆ ಒದ್ದೆ ಮಾಡಿ ಹಿಂಡಿದ ಕಂಬಳಿಯ ತುಂಡು ಸುತ್ತಿ ಫ್ಯಾನಿನ ಮುಂದಿಡಿರಿ. ಐದೈದು ನಿಮಿಷಕ್ಕೊಮ್ಮೆ ಉಷ್ಣಮಾಪಕ ನೋಡಿ ನಕ್ಷೆ ಬರೆಯಿರಿ. ಮೂರು ಗೆರೆಗಳು ಹೇಗೆ ಬೇರೆಬೇರೆಯಾಗಿ ಇಳಿಯುತ್ತವೆಂದು ಕಣ್ಣಾರೆ ಕಂಡ ವಿದ್ಯಾರ್ಥಿ, ಮುಂದೆ ಹಿಮಾಲಯದಲ್ಲಿ ಒದ್ದೆ ಬಟ್ಟೆಯಲ್ಲಿ ಮಲಗುವುದಿಲ್ಲ.

ಹೋಗಲು ನಿಶ್ಚಯಿಸಿದವನು ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ೧೯೫೪ರಲ್ಲಿ ಡಾರ್ಜಿಲಿಂಗಿನಲ್ಲಿಯೂ ೧೯೬೫ರಲ್ಲಿ ಉತ್ತರಕಾಶಿಯಲ್ಲಿಯೂ ಸ್ಥಾಪನೆಯಾದ ಪರ್ವತಾರೋಹಣ ಸಂಸ್ಥೆಗಳು ತರುಣ ತರುಣಿಯರಿಗೆ ಕ್ರಮವಾದ ಶಿಕ್ಷಣ ಕೊಡುತ್ತವೆ. ಮೊದಲು ಅಲ್ಲಿ ಕಲಿಕೆ. ಬಳಿಕ ಬಲ್ಲವರ ಜೊತೆ ಹಲವು ಪಯಣ. ಒಬ್ಬಂಟಿ ಪಯಣ ಎಲ್ಲಕ್ಕೂ ಕೊನೆಗೆ. ಅದು ಪಾಠದ ಮೊದಲ ಪುಟವಲ್ಲ, ಅಂತಿಮ ಪರೀಕ್ಷೆ. ಆಗಲೂ ಮಿದುಳು ಬೆಚ್ಚಗಿರುವಾಗಲೇ, ಮನೆಯಲ್ಲಿ ಕುಳಿತು, ಕಟ್ಟಳೆಗಳನ್ನು ಬರೆದಿಟ್ಟುಕೊಳ್ಳಬೇಕು. ಯಾವ ಗಂಟೆಗೆ ಎಲ್ಲಿದ್ದರೂ ಹಿಂದಿರುಗುವುದು. ಗಾಳಿ ಎಷ್ಟಾದರೆ ಡೇರೆ ಬಿಟ್ಟು ಹೊರಡದಿರುವುದು. ನಡುಕ ಬಂದರೆ ಅಲ್ಲಿಯೇ ನಿಂತು ಬಟ್ಟೆ ಬದಲಿಸಿ, ತಿಂದು, ಬಿಸಿನೀರು ಕುಡಿಯುವುದು. ಹೆಪ್ಪುಗಟ್ಟಿದ ಹೊಳೆಯನ್ನು ಅಳೆಯದೆ ದಾಟದಿರುವುದು. ಮುಚ್ಚಿದ ಡೇರೆಯಲ್ಲಿ ಒಲೆ ಹ��್ಚದಿರುವುದು. ಅಲ್ಲಿ ಹೋದ ಮೇಲೆ ಈ ಕಟ್ಟಳೆಗಳನ್ನು ಚರ್ಚಿಸಬಾರದು, ಪಾಲಿಸಬೇಕು. ಜೊತೆಗಾರನ ಸ್ಥಾನದಲ್ಲಿ ಕುಳಿತು ಎಚ್ಚರಿಸುವುದು ಅವೇ. ಇನ್ನೊಂದು ಪ್ರತಿಯನ್ನು, ದಾರಿಯ ನಕ್ಷೆ ಮತ್ತು ಮರಳುವ ದಿನದೊಡನೆ, ಮನೆಯಲ್ಲಿ ನಂಬಿಕೆಯುಳ್ಳವರ ಕೈಗೆ ಕೊಡಬೇಕು. ಹೇಳಿದ ಹೊತ್ತಿಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬುದೂ ಅದರಲ್ಲಿರಬೇಕು.

ಮನೆಯವರಿಗೆ ಹೇಳದೆ ಹೊರಡುವುದನ್ನು ಸ್ವಾತಂತ್ರ್ಯವೆಂದು ಕೆಲವರು ತಿಳಿಯುತ್ತಾರೆ. ಹಿಮದ ನಾಡಿನಲ್ಲಿ ಕಳೆದುಹೋದ ಒಬ್ಬನನ್ನು ಹುಡುಕಲು ಹತ್ತಾರು ಮಂದಿ ತಮ್ಮ ಪ್ರಾಣವನ್ನು ಒತ್ತೆಯಿಟ್ಟು ಹೊರಡಬೇಕಾಗುತ್ತದೆ. ಎಲ್ಲಿ ಹುಡುಕಬೇಕೆಂದು ತಿಳಿಯದಿದ್ದರೆ ಅವರ ಅಪಾಯ ಇಮ್ಮಡಿಯಾಗುತ್ತದೆ. ಆ ಅಪರಿಚಿತರ ಪ್ರಾಣವೂ ಒಬ್ಬಂಟಿ ಪಯಣದ ಲೆಕ್ಕಪುಸ್ತಕದಲ್ಲಿ ಸೇರಿದೆ. ಈ ಪುಟವನ್ನೂ ಸರಿಯಾಗಿ ಬರೆದಿಟ್ಟು ಹೊರಡುವ ಯುವಕನನ್ನೋ ಯುವತಿಯನ್ನೋ ಕಂಡರೆ ಹಿರಿಯರು ತಡೆಯದೆ, ಬುತ್ತಿಗೆ ನಾಲ್ಕು ಅಚ್ಚು ಬೆಲ್ಲವನ್ನು ಕಟ್ಟಿಕೊಟ್ಟು, ಹೋಗಿ ಬಾ ಎಂದು ಹರಸಿ ಕಳುಹಿಸಲಿ.